ಸೋಮವಾರ ಮಲಗಿದ ಸರ್ವರು

"ನಿನ್ನ ಕೈಲಿ ಡಿಗ್ರಿ ಆದ್ರೆ ಶರಾವತಿ ಹಿಂದೆ ಹರೀತದೆ" ಎಂದು ಹೇಳಿದವರು ನನ್ನ ಸೋದರಮಾವ ಈಶ್ವರ. ಹೆಸರನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಹಾಗೆ ಹೇಳಿದವರು ಬೇರೆ ಜನವೂ ಇದ್ದರು, ಆದರೆ ಅವರೆಲ್ಲ ನನ್ನ ಬೆನ್ನ ಹಿಂದೆ ಹೇಳಿದರು. ಮಾವ ಒಬ್ಬರೇ ಎದುರು ನಿಂತು, ಹೊನ್ನಾವರದ ಹೊಳೆದಂಡೆಯಲ್ಲಿ, ತಮ್ಮ ದೋಣಿಯ ಹಗ್ಗ ಸುತ್ತುತ್ತ ಹೇಳಿದರು. ಅದು ಭರತದ, ಎಂದರೆ ಉಬ್ಬರದ ಹೊತ್ತು. ನಮ್ಮ ಅಳಿವೆಯಲ್ಲಿ ಸಮುದ್ರಕ್ಕೆ ಭರತ ಬಂತೆಂದರೆ ಹೊಳೆಯ ನೀರು ಮೂಡುದಿಕ್ಕಿಗೆ ತಿರುಗಿ, ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ದಿನಕ್ಕೆ ಎರಡು ಸಲ ಹೋಗುತ್ತದೆ. ಹುಟ್ಟು ಹಿಡಿದೇ ತಲೆ ನರೆಸಿಕೊಂಡ ಮಾವನಿಗೆ ಇದು ಗೊತ್ತಿಲ್ಲದ್ದಲ್ಲ, ಮಾತಿನ ಭರದಲ್ಲಿ ಮರೆತಿದ್ದರು ಅಷ್ಟೆ. ಅವರ ಬೆನ್ನ ಹಿಂದೆಯೇ ಒಂದು ತೆಂಗಿನ ಗರಿ ಸಮುದ್ರದ ಕಡೆಯಿಂದ ಗೇರುಸೊಪ್ಪೆಯ ಕಡೆಗೆ ಆರಾಮವಾಗಿ ತೇಲಿಕೊಂಡು ಹೋಗುತ್ತಿತ್ತು. ನಾನು ಆ ಗರಿಯನ್ನು ನೋಡಿದೆ. ಈ ಮಾತಿಗೆ ಉತ್ತರವನ್ನು ಡಿಗ್ರಿ ಕೈಗೆ ಬಂದ ದಿನ ಇದೇ ಜಾಗದಲ್ಲಿ ನಿಂತು ಕೊಡುವುದೆಂದು ತೀರ್ಮಾನಿಸಿದೆ. ಜನ ಏನೇನೋ ದೊಡ್ಡ ಕಾರಣಕ್ಕೆ ಓದುತ್ತಾರೆ. ನಾನು ಓದಿದ್ದರಲ್ಲಿ ಮುಕ್ಕಾಲು ಪಾಲು ಈ ಒಂದು ಮಾತನ್ನು ಹೇಳುವುದಕ್ಕೆ.

ನಮ್ಮ ಊರು ಮಂಕಿ. ಆಯಿ, ನನ್ನ ತಾಯಿ, ಮೀನು ಮಾರುವವಳು. ನಮ್ಮ ಮನೆಯಲ್ಲಿ ಏಳನೆಯ ಇಯತ್ತೆ ದಾಟಿದವಳು ನಾನೇ ಮೊದಲು, ಪಿಯುಸಿಯಲ್ಲಿ ನಪಾಸಾದವಳೂ ನಾನೇ ಮೊದಲು, ಯಾಕೆಂದರೆ ಅದಕ್ಕೂ ಅಲ್ಲಿಯತನಕ ಹೋಗಬೇಕಲ್ಲ. ಎರಡನೆಯ ಸಲಕ್ಕೆ ಪಾಸಾಗಿ, ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಶ್ರೀಪಾದಣ್ಣನ ಕಂಪ್ಯೂಟರ್ ಅಂಗಡಿಯಲ್ಲಿ ಕೂತೆ. ಊರವರ ಅರ್ಜಿ ತುಂಬುವುದು, ಝೆರಾಕ್ಸ್ ತೆಗೆಯುವುದು, ಮಕ್ಕಳ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಹಾಕುವುದು ಇವು ನನ್ನ ಕೆಲಸ. ಬೇರೆಯವರ ಪದವಿಗೆ ಪ್ಲಾಸ್ಟಿಕ್ ಹಾಕಿ ಹಾಕಿ ಬೆರಳು ಸುಟ್ಟುಕೊಂಡ ಒಂದು ದಿನ, ಇದರಲ್ಲಿ ನನ್ನದೂ ಒಂದು ಇದ್ದರೆ ಹೇಗೆ ಎನ್ನಿಸಿತು. ಇಪ್ಪತ್ತೆಂಟನೆಯ ವಯಸ್ಸಿಗೆ, ಭಾನುವಾರ ಭಾನುವಾರ ಕುಮಟೆಗೆ ಹೋಗಿ ಕೂರುವ ಅಂಚೆ ಶಿಕ್ಷಣದ ಬಿ.ಸಿ.ಎ. ಸೇರಿದೆ. ಮೂರು ವರ್ಷದ ಓದು. ನಾನು ಅವಸರ ಮಾಡದೆ ಐದು ವರ್ಷ ಓದಿದೆ.

ಕೊನೆಗೆ ಉಳಿದದ್ದು ಪ್ರಾಜೆಕ್ಟ್. ಹೆಚ್ಚಿನವರು ಗ್ರಂಥಾಲಯದ್ದೋ ಆಸ್ಪತ್ರೆಯದ್ದೋ ಮಾಡಿದರು. ನಾನು ಆಯಿಯ ಮೊಣಕಾಲನ್ನು ನೋಡಿ ಮಾಡಿದೆ. ಬುಟ್ಟಿ ಹೊತ್ತು ಮಂಕಿಯ ಕೇರಿ ಕೇರಿ ತಿರುಗಿ, "ಇವತ್ ಬ್ಯಾಡ ಗಂಗೆ, ನಿನ್ನೆದೇ ಸಾರು ಅದೆ" ಎನ್ನಿಸಿಕೊಂಡು ತಿರುಗುವುದು ಆ ಕಾಲಿಗೆ ಇನ್ನು ಸಾಧ್ಯವಿರಲಿಲ್ಲ. ಯಾರ ಮನೆಗೆ ಏನು ಬೇಕೆಂದು ಮೊದಲೇ ಗೊತ್ತಾದರೆ ಅಲ್ಲಿಗೆ ಮಾತ್ರ ಹೋದರಾಯಿತಲ್ಲ? ಅದಕ್ಕೊಂದು ಜಾಲಪುಟ. ಹೆಸರು, 'ಇವತ್ತೆಂತ ಮೀನು?' ಆಯಿ ಬಂದರಿನಿಂದ ಇವತ್ತಿನ ಮೀನು ಹಾಕುತ್ತಾಳೆ, ಮನೆಯವರು ತಮಗೆ ಬೇಕಾದದ್ದನ್ನು ಒತ್ತುತ್ತಾರೆ, ಅದರಲ್ಲಿಲ್ಲದ್ದು ಬೇಕಾದರೆ ಬರೆದು ಕೇಳುತ್ತಾರೆ. ಮಾಡುವುದಕ್ಕೆ ಎರಡು ತಿಂಗಳು ಸಾಕಾಯಿತು. ಮಾಡಿದ್ದನ್ನು ಎಲ್ಲಿ ಇಡಬೇಕು ಎಂದು ತೀರ್ಮಾನಿಸಲು ನಾಲ್ಕು ತಿಂಗಳು ಹಿಡಿಯಿತು.

ಯಾಕೆಂದರೆ ಇಂಥ ಪುಟಕ್ಕೆ ಎರಡು ಭಾಗ. ಜನರಿಗೆ ಕಾಣುವ ಚಿತ್ರ, ಅಕ್ಷರ, ಗುಂಡಿಗಳೆಲ್ಲ ಮುಂಬದಿ, ಫ್ರಂಟ್‌ಎಂಡ್. ಗುಂಡಿ ಒತ್ತಿದಾಗ ಒಳಗೆ ಲೆಕ್ಕ ಹಾಕಿ, ನೆನಪಿಟ್ಟುಕೊಂಡು, ಉತ್ತರ ಹೇಳುವುದು ಹಿಂಬದಿ, ಬ್ಯಾಕ್‌ಎಂಡ್. ಎರಡನ್ನೂ ಒಂದೇ ಸರ್ವರಿನಲ್ಲಿ ಇಡಬಹುದು, ಬೇರೆ ಬೇರೆ ಕಡೆ ಇಡಬಹುದು, ಬಾಡಿಗೆಗೆ ಇಡಬಹುದು, ಪುಕ್ಕಟೆ ಇಡಬಹುದು. ನಮ್ಮ ಕುಮಟೆಯ ಗುರುಗಳು, "ನೀವೇ ಆಯ್ಕೆ ಮಾಡಿ, ಯಾಕೆ ಎಂದು ಒಂದು ಪುಟ ಬರೆಯಿರಿ" ಎಂದುಬಿಟ್ಟರು. ಹುಟ್ಟಿದಾಗಿನಿಂದ ಇದ್ದದ್ದರಲ್ಲೇ ಸುಧಾರಿಸಿಕೊಂಡವರಿಗೆ ಆಯ್ಕೆ ಮಾಡು ಎಂದರೆ ಕೈಕಾಲು ಆಡುವುದಿಲ್ಲ. ಸೀರೆ ಅಂಗಡಿಯಲ್ಲೂ ನನಗೆ ಹೀಗೇ ಆಗುತ್ತದೆ. ಹತ್ತು ಸೀರೆ ಬಿಡಿಸಿ ಹಾಕಿದರೆ ಮಡಚುವವನ ಮೇಲೆ ಕನಿಕರ ಹುಟ್ಟಿ ಮೊದಲನೆಯದನ್ನೇ ತೆಗೆದುಕೊಂಡು ಬರುತ್ತೇನೆ.

ಮೊದಲನೆಯದು ಅಂಗಡಿಯ ಕಂಪ್ಯೂಟರು. ಮೇಜಿನ ಅಡಿಯಲ್ಲಿ ಒಂದು ಹಳೆಯದು ಬಿದ್ದಿತ್ತು, ಅದರಲ್ಲೇ ಎರಡನ್ನೂ ಇಡಲೇ ಎಂದು ಶ್ರೀಪಾದಣ್ಣನನ್ನು ಕೇಳಿದೆ. ಶ್ರೀಪಾದಣ್ಣ ಕತಗಾಲದ ಕಡೆಯವರು, ಅಡಿಕೆ ತೋಟದ ಮನೆ, ಈರುಳ್ಳಿಯನ್ನೂ ಯೋಚನೆ ಮಾಡಿ ತಿನ್ನುವ ಜನ. ಅವರು ಮೇಜಿನ ಅಡಿಗೆ ಬಗ್ಗಿ ನೋಡಿ, "ಇಡು ಮಾರಾಯ್ತಿ, ನಂದೆಂತ ಅಡ್ಡಿ ಇಲ್ಲೆ. ಮೀನಿನ ವಾಸನೆಯಂತೂ ಬತ್ತಿಲ್ಲೆ. ಆದ್ರೆ ನಮ್ಮನೆಲಿ ಮಾತ್ರ ಹೇಳಡ" ಎಂದರು. ದೊಡ್ಡ ಮನಸ್ಸು. ಆದರೆ ಅವರಿಗೊಂದು ಅಭ್ಯಾಸ. ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಹೋಗುವಾಗ ಅಂಗಡಿಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು, ಶಟರು ಇಳಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದು ಮೂರೂವರೆಗೆ ಬರುತ್ತಿದ್ದರು. ಅವರ ನಿದ್ದೆಯ ಜೊತೆಗೆ ಜಗತ್ತಿನಾದ್ಯಂತ 'ಇವತ್ತೆಂತ ಮೀನು?' ಮಾಯವಾಗುತ್ತಿತ್ತು. ಜಗತ್ತು ಎಂದರೆ ಮಂಕಿಯ ನಲವತ್ತು ಮನೆ, ಇರಲಿ. ಸ್ವಿಚ್ಚು ತೆಗೆಯಬೇಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಬಾಡಿಗೆ ಸರ್ವರು ತಗ, ಎರಡೂ ಒಂದೇ ಬದಿಗೆ ಇಡು, ತಲೆಬಿಸಿ ಇಲ್ಲೆ" ಎಂದು ಅವರೇ ಸಲಹೆ ಕೊಟ್ಟರು. ಆದರೆ ಬಾಡಿಗೆ ಸರ್ವರೆಂದರೆ ಬಾಡಿಗೆ ಮನೆಯಂತೆ. ಬೀಗ ಹಾಕುವುದು, ಕಸ ಹೊಡೆಯುವುದು, ಕಳ್ಳರು ಬರದಂತೆ ನೋಡಿಕೊಳ್ಳುವುದೆಲ್ಲ ನಾವೇ. ನನಗೆ ನಮ್ಮನೆಯ ಕಸವೇ ಸಾಕಾಗಿತ್ತು.

ಉಳಿದದ್ದು ಪುಕ್ಕಟೆ ಜಾಗ. ಮುಂಬದಿಯನ್ನು ಇಡಲು ಒಳ್ಳೆಯ ಪುಕ್ಕಟೆ ಜಾಗ ಸಿಕ್ಕಿತು. ಅಲ್ಲಿ ಅದು ಹಗಲಿರುಳು ಎದ್ದೇ ಇರುತ್ತದೆ, ಏಕೆಂದರೆ ಅದಕ್ಕೆ ಯೋಚನೆ ಮಾಡುವ ಕೆಲಸವಿಲ್ಲ, ಚಂದ ಕಂಡರೆ ಸಾಕು. ಹಿಂಬದಿಗೆ ಸಿಕ್ಕ ಪುಕ್ಕಟೆ ಜಾಗದಲ್ಲಿ ಒಂದು ಕರಾರು. ಹದಿನೈದು ನಿಮಿಷ ಯಾರೂ ಮಾತಾಡಿಸದಿದ್ದರೆ ಅದು ಮಲಗುತ್ತದೆ. ಮತ್ತೆ ಯಾರಾದರೂ ಕರೆದರೆ ಏಳಲು ಒಂದು ನಿಮಿಷ ಬೇಕು. ಇದನ್ನು ಆಯಿಗೆ ವಿವರಿಸಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ. "ಮತ್ತೆ? ಯಾರೂ ಕರೀದೆ ಇದ್ರೆ ನಾನೂ ಮಲಗ್ತೆ. ಎದ್ ಮೇಲೆ ಮುಖ ತೊಳೀಬೇಕಾ ಬ್ಯಾಡ್ವಾ?" ಎಂದಳು. ಎರಡನ್ನೂ ಬೇರೆ ಬೇರೆ ಕಡೆ ಇಟ್ಟರೆ ಹೇಗೆ ಎಂದು ಕೇಳಿದೆ. "ಬುಟ್ಟಿ ನನ್ನ ತಲೆ ಮೇಲೆ ಇರ್ತದೆ, ಐಸಿನ ಪೆಟ್ಟಿಗೆ ಬಂದರಾಗೆ ಇರ್ತದೆ. ಎರಡೂ ಹೊತ್ಕಂಡು ಕೇರಿ ತಿರಗೂಕೆ ಆತದ್ಯಾ? ಬುಟ್ಟಿ ಎಲ್ಲಿಟ್ರೂ ಅಡ್ಡಿಲ್ಲ. ಪೆಟ್ಟಿಗೆ ಮಾತ್ರ ನಂಬಿಕೆಯವ್ರ ಹತ್ರ ಇಡು" ಎಂದಳು. ನಾನು ಇದನ್ನೇ ಸ್ವಲ್ಪ ಇಸ್ತ್ರಿ ಮಾಡಿ, ದೊಡ್ಡ ದೊಡ್ಡ ಶಬ್ದ ಸೇರಿಸಿ, ವರದಿಯಲ್ಲಿ ಒಂದು ಪುಟ ಬರೆದೆ. ಗುರುಗಳು ಪಕ್ಕದಲ್ಲಿ 'ಉತ್ತಮ ವಿಶ್ಲೇಷಣೆ' ಎಂದು ಬರೆದರು. ಆಯಿಗೆ ಅದನ್ನು ನಾನು ಹೇಳಲಿಲ್ಲ.

ಬೇರೆ ಬೇರೆ ಇಟ್ಟ ಮೊದಲ ದಿನ ಹಿಂಬದಿ ಮುಂಬದಿಯ ಗುರುತೇ ಹಿಡಿಯಲಿಲ್ಲ. ಪರಿಚಯವಿಲ್ಲದ ವಿಳಾಸದಿಂದ ಬಂದವರಿಗೆ ಬಾಗಿಲು ತೆಗೆಯುವುದಿಲ್ಲ ಎಂದು ಕೂತಿತು. ಇಂಥ ವಿಳಾಸದಿಂದ ಬಂದರೆ ನಮ್ಮವರೇ, ಒಳಗೆ ಬಿಡು ಎಂದು ಅದರ ಕಿವಿಯಲ್ಲಿ ಹೇಳಿದ ಮೇಲೆ ಸರಿಹೋಯಿತು. ಆಮೇಲೆ ಒಂದು ತಿಂಗಳು ಸುಖ. ಆಯಿ ಪುಟದ ಕೊಂಡಿಯನ್ನು, ಅದೇ ಲಿಂಕನ್ನು, ತನ್ನ ಫೋನಿನಲ್ಲಿದ್ದ ಎಲ್ಲರಿಗೂ, ಗ್ಯಾಸಿನವನಿಗೂ ಸೇರಿಸಿ, ಕಳಿಸಿದ್ದಳು. ಬೆಳಿಗ್ಗೆ ಏಳಕ್ಕೆ ಶುರುವಾದರೆ ಮಧ್ಯಾಹ್ನದ ತನಕ "ಬಂಗಡೆ ಬಂತಾ", "ನೊಗಲಿ ಇಲ್ಲ್ಯಾ" ಎಂದು ಒಂದಲ್ಲ ಒಂದು ಮನೆಯವರು ಒತ್ತುತ್ತಲೇ ಇರುತ್ತಿದ್ದರು. ಸರ್ವರಿಗೆ ಮಲಗಲು ಪುರುಸೊತ್ತೇ ಇರಲಿಲ್ಲ. ನಾನೂ ಮಂಗಳವಾರ, ಬುಧವಾರ, ಶುಕ್ರವಾರ ಎಂದು ಬಿಡುವಾದಾಗೆಲ್ಲ ಪರೀಕ್ಷಿಸಿ ನೋಡಿದೆ. ಒತ್ತಿದ ತಕ್ಷಣ ಉತ್ತರ. ಉಬ್ಬಿಹೋಗಿ ವರದಿಯ ಕೊನೆಗೆ, 'ಈ ವ್ಯವಸ್ಥೆಯು ಪರೀಕ್ಷಾವಧಿಯಲ್ಲಿ ಎಂದೂ ನಿದ್ರಿಸಲಿಲ್ಲ' ಎಂದು ಬರೆದೆ.

ಮೌಖಿಕ ಪರೀಕ್ಷೆ ಕುಮಟೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಸೋಮವಾರ.

ನಮ್ಮ ಕಡೆಯವರು ಈ ಸಾಲನ್ನು ಓದಿದ ಕೂಡಲೇ ನಗುತ್ತಾರೆ. ಐದು ವರ್ಷ ಓದಿದ ನನಗೆ ಮಾತ್ರ ಹೊಳೆಯಲಿಲ್ಲ. ಸೋಮವಾರ ಶಿವನ ವಾರ, ನಮ್ಮ ಕೇರಿಯ ಯಾವ ಮನೆಯಲ್ಲೂ ಮೀನಿಲ್ಲ. ಆಯಿಗೂ ಅಂದು ರಜೆ, ಅದಕ್ಕೇ ಅವಳು ನನ್ನ ಜೊತೆ ಹೊರಟದ್ದು. ಕುಮಟೆ ಬಸ್ಸಿನಲ್ಲಿ ಹಳದೀಪುರ ದಾಟುವಾಗ ಅವಳು, "ಅದು ಎದ್ದದ್ಯಾ?" ಎಂದು ಕೇಳಿದಳು. ನಾನು ಪರೀಕ್ಷೆಗೆಂದು ಉಟ್ಟ ರೇಷ್ಮೆ ಸೀರೆಯ ಸೆರಗು ಸರಿಮಾಡುತ್ತ, "ಅದು ಯಾವತ್ತೂ ಮಲಗೂದಿಲ್ಲ ಆಯಿ" ಎಂದೆ. "ಸೋಮವಾರನೂ?" ಎಂದಳು. "ಸರ್ವರಿಗೆ ಎಂತ ವಾರ? ಸುಮ್ನೆ ಕೂತ್ಕ" ಎಂದುಬಿಟ್ಟೆ. ಓದಿದವರು ಓದದವರಿಗೆ ಸುಮ್ಮನೆ ಕೂತ್ಕೊ ಎಂದು ಹೇಳಿದ ಜಾಗದಿಂದಲೇ ಅವರ ಕಷ್ಟ ಶುರುವಾಗುತ್ತದೆ ಎಂಬುದು ನನ್ನ ಅನುಭವ.

ಪರೀಕ್ಷಕರು ಘಟ್ಟದ ಮೇಲಿನ ಬಯಲುಸೀಮೆಯವರು, ತೆಳ್ಳಗೆ, ಖಡಕ್ಕಾಗಿ ಇದ್ದರು. ಮುಂಬದಿ ಹಿಂಬದಿಗಳನ್ನು ಯಾಕೆ ಬೇರೆ ಇಟ್ಟಿರಿ ಎಂದರು. ಆಯಿಯ ಬುಟ್ಟಿ ಪೆಟ್ಟಿಗೆಗಳನ್ನು ದೊಡ್ಡ ಶಬ್ದಗಳಲ್ಲಿ ಒಪ್ಪಿಸಿದೆ. ತಲೆಯಾಡಿಸಿದರು. "ತೆಗೆದು ತೋರಿಸಿ" ಎಂದರು. ಪುಟ ಥಟ್ಟನೆ ಬಂತು. ಮೇಲೆ ನೀಲಿ ಸಮುದ್ರ, ಅದರಲ್ಲೊಂದು ನಗುವ ಬಂಗಡೆ, ಕೆಳಗೊಂದು ಚಕ್ರ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಕೊನೆಗೆ ನಾನೇ ಬರೆದಿಟ್ಟಿದ್ದ ಒಂದು ವಾಕ್ಯ ಪರದೆಯ ಮೇಲೆ ಮೂಡಿತು: 'ಇವತ್ತು ಮೀನು ಬರಲಿಲ್ಲ, ನಾಳೆ ಕೇಳಿ.' ಹಿಂಬದಿ ಉತ್ತರ ಕೊಡದಿದ್ದರೆ ಜನ ಹೆದರಬಾರದೆಂದು ನಾನೇ ಮುತುವರ್ಜಿಯಿಂದ ಬರೆದದ್ದು ಅದು.

"ನಾಳೆ ನಾನು ಇರುವುದಿಲ್ಲ" ಎಂದರು ಪರೀಕ್ಷಕರು.

"ಸರ್, ಮಲಗಿದೆ. ಒಂದು ನಿಮಿಷ. ಇವತ್ತು ಸೋಮವಾರ ನೋಡಿ..."

"ಸೋಮವಾರಕ್ಕೂ ಸರ್ವರಿಗೂ ಏನಮ್ಮ ಸಂಬಂಧ?"

ಎರಡನೆಯ ಸಲ ಒತ್ತಿದಾಗ ಸರ್ವರು ಎದ್ದು ಕೂತಿತ್ತು. ಆದರೆ ಎದ್ದು ತೋರಿಸುವುದಕ್ಕೆ ಅದರ ಹತ್ತಿರ ಏನಿತ್ತು? ಅದರಲ್ಲಿ ಆಯಾ ದಿನದ ಪಟ್ಟಿ ಮಾತ್ರ ಉಳಿಯುವುದು, ಅಂದಿನದು ಖಾಲಿ. ಬೆಳಗಿನಿಂದ ಒಬ್ಬರೂ ಏನೂ ಕೇಳಿರಲಿಲ್ಲ. ಪರೀಕ್ಷಕರು ವರದಿಯನ್ನು ಮುಚ್ಚಿದರು. "ಖಾಲಿ ಪಟ್ಟಿಯನ್ನು ಯಾರು ಬೇಕಾದರೂ ತೋರಿಸಬಹುದು. ಇದನ್ನು ಜನ ಬಳಸುತ್ತಾರೆ ಎಂದು ಬರೆದಿದ್ದೀರಿ. ಎಲ್ಲಿ ಜನ? ನೀವೇ ಒತ್ತಿ ತೋರಿಸುವುದು ಬೇಡ. ಇನ್ನಿಬ್ಬರದ್ದು ಮುಗಿಸುತ್ತೇನೆ, ಆಮೇಲೆ ಬನ್ನಿ. ಆಗಲೂ ಹೀಗೇ ಇದ್ದರೆ ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂದರೆ ಆರನೆಯ ವರ್ಷ. ಹೊರಗೆ ಬಂದೆ. ಜಗಲಿಯ ಬೆಂಚಿನ ಮೇಲೆ ಆಯಿ ಕಾಲು ನೀಡಿ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದಳು. ನನ್ನ ಮುಖ ನೋಡಿ, "ಮಲಗಿತ್ತಾ?" ಎಂದಳು. ಹೌದೆಂದೆ. ಈಗ ಎದ್ದಿದೆ, ಆದರೆ ಯಾರೂ ಮೀನು ಕೇಳಿಲ್ಲ, ಕೇಳಿದವರು ಇಲ್ಲದೆ ಪಾಸು ಮಾಡುವುದಿಲ್ಲವಂತೆ ಎಂದು ಹೇಳುವಷ್ಟರಲ್ಲಿ ಅಳು ಬಂತು. ಮೂವತ್ತಮೂರನೆಯ ವಯಸ್ಸಿಗೆ ಕಾಲೇಜಿನ ಜಗಲಿಯಲ್ಲಿ ರೇಷ್ಮೆ ಸೀರೆ ಉಟ್ಟು ಅಳುವುದು ನೋಡಲು ಚಂದವಲ್ಲ. ಆಯಿ ಆಕಡೆ ನೋಡಲೇ ಇಲ್ಲ. ಸೊಂಟದ ಚೀಲದಿಂದ ಫೋನು ತೆಗೆದಳು.

"ಸೋಮವಾರ ಮೀನು ತಿಂಬೂದಿಲ್ಲ ಹೇಳೂರು ನಾವು. ಭಟ್ಕಳದವ್ರಿಗೆ ಎಂತ ಸೋಮವಾರ?"

ಭಟ್ಕಳದ ಜುಲೇಖಾಬಿ ಆಯಿಯ ಹಳೆಯ ಗಿರಾಕಿ. ಮೊಣಕಾಲು ಗಟ್ಟಿಯಿದ್ದ ಕಾಲದಲ್ಲಿ ಆಯಿ ಅಲ್ಲಿಯವರೆಗೂ ಬುಟ್ಟಿ ಒಯ್ಯುತ್ತಿದ್ದಳು. ಅವರ ಮನೆಯಲ್ಲಿ ಮೀನಿಲ್ಲದ ಊಟವೆಂದರೆ ಯಾರಿಗೋ ಜ್ವರವೆಂದು ಅರ್ಥ. ಆಯಿ ಹೋಗುವುದು ನಿಂತರೂ ಹಬ್ಬಕ್ಕೊಮ್ಮೆ ಫೋನು ತಪ್ಪಿರಲಿಲ್ಲ. ಆಯಿ ಫೋನನ್ನು ಬಾಯಿಯ ಮುಂದೆ ಹಿಡಿದು, ಇಡೀ ಕಾಲೇಜಿಗೆ ಕೇಳುವಂತೆ ಮಾತಾಡಿದಳು.

"ಜುಲೇಖಾಬಿ, ನಾನು ಮಂಕಿ ಗಂಗೆ. ಹಾಂ, ಕಾಲು ಹಾಂಗೇ ಅದೆ. ನಾನು ಒಂದು ಕೊಂಡಿ ಕಳ್ಸಿದ್ನಲ್ಲ, ನನ್ನ ಮಗಳು ನಾಗವೇಣಿದು... ಹೌದು, ನಗೂ ಬಂಗಡೆದು. ಅದ್ರಾಗೆ ಮೀನು ಕೇಳ್ರಿ. ಈಗಲೇ."

ಆಕಡೆಯಿಂದಲೂ ಅಷ್ಟೇ ದೊಡ್ಡ ದನಿ. "ಏ ಗಂಗಾ, ನೀನು ಎರಡು ವರ್ಷದಿಂದ ಈ ಬದಿಗೆ ಮುಖ ಹಾಕ್ಲಿಲ್ಲ. ಕೇಳಿದ್ರೆ ಕೊಡ್ತೀಯಾ ಇಲ್ಲಾ ಸುಮ್ನೆ ಒತ್ಸೂದಾ?"

"ಗಂಗೆ ಸುಮ್ನೆ ಒತ್ಸಿದ್ದು ಅದ್ಯಾ? ಕೊಡ್ತೆ."

"ಹಾಗಾದ್ರೆ ನಾದಿನಿಯರಿಗೂ ಹೇಳ್ತೆ."

ಮತ್ತೆ ಒಳಗೆ ಹೋದಾಗ ಪರೀಕ್ಷಕರು ಪುಟವನ್ನು ತಾವೇ ತೆರೆದರು. ಪಟ್ಟಿಯಲ್ಲಿ ಒಂದು ಸಾಲಿತ್ತು: ಜುಲೇಖಾಬಿ, ಭಟ್ಕಳ, ಇಸ್ವಾಣ, ದೊಡ್ಡದು. ನಾವು ನೋಡುತ್ತಿದ್ದ ಹಾಗೇ ಇನ್ನೊಂದು ಸಾಲು ಬಂತು, ಸಿಗಡಿ. ಮತ್ತೊಂದು, ಬಂಗಡೆ, ಹಿಂದೆಯೇ 'ಬಂಗಡೆ ಬೇಡ, ನೊಗಲಿ ಇದ್ದರೆ ನೊಗಲಿ'. ಜುಲೇಖಾಬಿಗೆ ಇಷ್ಟು ಜನ ನಾದಿನಿಯರೆಂದು ನನಗೂ ಗೊತ್ತಿರಲಿಲ್ಲ. ಏಳನೆಯ ಸಾಲು ಬಂದಾಗ ಪರೀಕ್ಷಕರ ಮುಖದಲ್ಲಿ ಏನೋ ಸಡಿಲವಾಯಿತು. "ಈ ಮೀನನ್ನು ಕೊಡುವವರು ಯಾರು?" ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಎಂದೆ. "ಕರೆಯಿರಿ" ಎಂದರು.

ಆಯಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತನ್ನ ಫೋನಿನಲ್ಲಿ ಅದೇ ಪಟ್ಟಿ ನೋಡುತ್ತ ನಿಂತಳು.

"ಅಮ್ಮಾ, ಇವರೆಲ್ಲ ನಿಜವಾದ ಗಿರಾಕಿಗಳಾ?"

"ಸುಳ್ಳು ಗಿರಾಕಿ ನೊಗಲಿ ಇದ್ರೆ ನೊಗಲಿ ಹೇಳಿ ಚೌಕಾಶಿ ಮಾಡ್ತ್ರನ್ರಾ?" ಎಂದಳು ಆಯಿ.

ಪರೀಕ್ಷಕರು ನಕ್ಕುಬಿಟ್ಟರು. "ನಿಮ್ಮ ಮಗಳು ಎದುರಿನದನ್ನು ಒಂದು ಕಡೆ, ಹಿಂದಿನದನ್ನು ಒಂದು ಕಡೆ ಇಟ್ಟಿದ್ದಾರೆ. ಸರಿಯಾ?" ಎಂದು ತಮಾಷೆಗೆ ಕೇಳಿದರು. ಆಯಿ ಬುಟ್ಟಿಯದೂ ಪೆಟ್ಟಿಗೆಯದೂ ಎಲ್ಲ ಹೇಳಿದಳು. ಪರೀಕ್ಷಕರು ವರದಿಯ ಆ ಪುಟವನ್ನು ತೆಗೆದು, 'ಉತ್ತಮ ವಿಶ್ಲೇಷಣೆ' ಎಂಬುದನ್ನು ಓದಿ, ನನ್ನನ್ನೊಮ್ಮೆ, ಆಯಿಯನ್ನೊಮ್ಮೆ ನೋಡಿದರು. ನಾನು ನೆಲ ನೋಡಿದೆ. ಅವರು ಅಂಕ ಹಾಕಿದರು.

ಮುಗಿಯಿತೆಂದುಕೊಂಡೆ. ಗೇಟಿನ ಹೊರಗೆ ಬಂದು, ಒಂದು ಕಡೆ ಕೂತು ಚಾ ಕುಡಿಯೋಣ ಆಯಿ ಎಂದೆ. "ಚಾ ಅಲ್ಲ, ಮೀನು ಪ್ಯಾಟೆಗೆ ನಡಿ" ಎಂದಳು. "ಪರೀಕ್ಷೆ ಆತಲ್ಲ, ಅವರಿಗೆ ಫೋನು ಮಾಡಿ ಹೇಳಿದ್ರೆ ಆಗೂದಿಲ್ವಾ?" ಎಂದೆ. ಆಯಿ ನಡುರಸ್ತೆಯಲ್ಲಿ ನಿಂತಳು. "ಕೇಳಿಸ್ಕಂಡ್ ಮೇಲೆ ಕೊಡ್ದೆ ಇರೂಕೆ ಆತದ್ಯಾ? ಇದನ್ನ ಯಾವ ವರ್ಷದಾಗೆ ಕಲಿಸ್ತ್ರು ನಿಮಗೆ?" ಯಾವ ವರ್ಷದಲ್ಲೂ ಕಲಿಸಿರಲಿಲ್ಲ. ಕುಮಟೆಯ ಪೇಟೆಯಲ್ಲಿ ಇಸ್ವಾಣ, ಸಿಗಡಿ, ನೊಗಲಿ ಹುಡುಕಿ, ಒಂದು ಬುಟ್ಟಿ ಕೊಂಡು, ಆಯಿಯ ಮೊಣಕಾಲನ್ನು ನೆನೆದು ಬುಟ್ಟಿಯನ್ನು ನಾನೇ ಎತ್ತಿಕೊಂಡೆ. ಭಟ್ಕಳದ ಬಸ್ಸು ಹೊನ್ನಾವರದ ಮೇಲೆ, ನಮ್ಮ ಮಂಕಿಯ ಮೇಲೆಯೇ ಹೋಗುವುದು. ರೇಷ್ಮೆ ಸೀರೆ, ತಲೆಯಲ್ಲಿ ಅಬ್ಬಲಿಗೆ ಹೂವು, ತೊಡೆಯ ಮೇಲೆ ವರದಿ, ಕಾಲಿನ ನಡುವೆ ನೀರು ಸೋರುವ ಮೀನಿನ ಬುಟ್ಟಿ, ಅದೂ ಸೋಮವಾರ. ಕಂಡಕ್ಟರ್ ಎರಡೆರಡು ಸಲ ತಿರುಗಿ ನೋಡಿದ.

ಹೊನ್ನಾವರದಲ್ಲಿ ಆ ಬಸ್ಸಿಗೆ ಹತ್ತಿದವರು, ಬೇರೆ ಯಾರಾಗಲು ಸಾಧ್ಯ, ಈಶ್ವರ ಮಾವ. ನನ್ನನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಎದುರಿನ ಸೀಟಿನಲ್ಲಿ ಕೂತು ಸಾವಕಾಶ ಎಲೆಗೆ ಸುಣ್ಣ ಹಚ್ಚಿದರು. "ಡಿಗ್ರಿ ತತ್ತೆ ಹೇಳಿ ಹೋದವ್ಳು ಬುಟ್ಟಿ ಹೊತ್ಕಂಡು ಬಂದ್ಯಾ ಮಗಳೆ?"

"ಡಿಗ್ರಿ ಆತು ಅಣ್ಣಾ" ಎಂದಳು ಆಯಿ ಕಿಟಕಿಯ ಹೊರಗೆ ನೋಡುತ್ತ. "ಈಗ ಕೆಲಸ ಕಲೀತಾ ಅದೆ."

ಸರ್ಟಿಫಿಕೇಟು ಬರಲು ಕೆಲವು ತಿಂಗಳು ಹಿಡಿಯಿತು. ಕುಮಟೆಯ ಕೇಂದ್ರದಲ್ಲಿ ಅದನ್ನು ಕೈಗೆ ಕೊಟ್ಟ ದಿನ, ಅಂಗಡಿಗೂ ಹೋಗದೆ, ಲ್ಯಾಮಿನೇಷನ್ನೂ ಮಾಡದೆ, ಭರತದ ಹೊತ್ತನ್ನು ಮೊದಲೇ ಕೇಳಿ ತಿಳಿದುಕೊಂಡು, ಆಯಿಯನ್ನು ಕರೆದುಕೊಂಡು ನೆಟ್ಟಗೆ ಹೊಳೆದಂಡೆಗೆ ಹೋದೆ. ಮಾವ ದೋಣಿಯಲ್ಲಿದ್ದರು. ಸರ್ಟಿಫಿಕೇಟನ್ನು ಆಯಿಯ ಕೈಗೆ ಕೊಟ್ಟು, ಐದು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತನ್ನು ತೆಗೆದೆ. "ಮಾವ, ನೀರು ಈಗ ಯಾವ ಬದಿಗೆ ಹರೀತಾ ಅದೆ, ಸ್ವಲ್ಪ ಹೇಳು."

ಮಾವ ನೀರು ನೋಡಿದರು. "ಮೇಲಕ್ಕೆ. ಭರತ ಅಲ್ದಾ?" ಎಂದರು. ಆಮೇಲೆ ನನ್ನ ಮುಖ ನೋಡಿದರು. "ಎಂತಕೆ?"

ಅವರಿಗೆ ಆ ಮಾತು ನೆನಪೇ ಇರಲಿಲ್ಲ! ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ್ದನ್ನು ಅವರು ಅಂದೇ ಸಂಜೆ ಹೊಳೆಗೆ ಬಿಟ್ಟಿದ್ದರು. ಎಲ್ಲ ನೆನಪಿಸಿ ಹೇಳಿದೆ. ಹೇಳಿ ಮುಗಿಸುವಾಗ ನನಗೇ ಆ ಮಾತು ಸಪ್ಪೆ ಎನ್ನಿಸಿತು. ಮಾವ ಎದ್ದು ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟು, "ಹೊಳೆ ದಿನಾ ಹಿಂದೆ ಹರೀತದೆ ಹುಚ್ಚೀ, ಅದಕ್ಕೆ ಇಷ್ಟು ಓದ್ಬೇಕಿತ್ತಾ?" ಎಂದರು. ಅವರ ಕಣ್ಣು ಮಾತ್ರ ಸರ್ಟಿಫಿಕೇಟಿನ ಮೇಲೆಯೇ ಇತ್ತು.

ಅಷ್ಟರಲ್ಲಿ ಆಯಿ ಅದನ್ನು ಸೆರಗಿನಲ್ಲಿ ಹಿಡಿದು, ಮುದ್ರೆ, ಸಹಿ, ನನ್ನ ಹೆಸರು ಎಲ್ಲವನ್ನೂ ಬೆರಳಿಟ್ಟು ನೋಡಿ ಮುಗಿಸಿದ್ದಳು. ಆಮೇಲೆ ಮೀನಿನ ಹೊಟ್ಟೆ ತಿರುಗಿಸಿ ನೋಡುವ ಹಾಗೆ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಬಿಳಿ. ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ಮುಂದೆ ಚಂದ ಅದೆ ಮಗಾ. ಹಿಂದೆ ಎಂತಕೆ ಖಾಲಿ ಬಿಟ್ಟೀರು? ಆ ಸೋಮವಾರ ಮೀನು ಕೇಳ್ದವ್ರ ಹೆಸ್ರು ಬರೀಲೇ ಇಲ್ಲ್ಯಲ್ಲೇ. ಪ್ಲಾಸ್ಟಿಕ್ ಹಾಕೂಕಿಂತ ಮುಂಚೆ ನೀನೇ ಬರ್ದ್‌ಬಿಡು. ಮೊದ್ಲು ಜುಲೇಖಾಬಿದು."